ಮುಂಡಾಸಿನ ಅಜ್ಜಿ

ಆ ವಿಡಿಯೊವನ್ನು ಜಿಪಾರಾ ಹನ್ನೊಂದು ಸಲ ನೋಡಿದಳು. ಹನ್ನೊಂದು ಸಲವೂ ಮೈ ಉರಿಯಿತು. ಯಾವುದೋ ಚಾನೆಲಿನ ಹುಡುಗಿ ಮೈಕು ಹಿಡಿದು, "ಕೆಲಸ ಮುಗಿಸಿ ಬಂದು ಬಿಡುವಿನಲ್ಲಿ ನಡೆಸೋ ಅಂಗಡಿ, ಆದ್ರೂ ಇಡೀ ಬಿಷ್ಕೆಕ್‌ಗೇ ಗೊತ್ತು. ಗುಟ್ಟೇನು ಅಕ್ಕಾ?" ಎಂದು ಕೇಳುತ್ತಾಳೆ. ಸಾಲ್ಕಿನ್ ನಾಚಿಕೊಂಡವಳ ಹಾಗೆ ತಲೆ ತಗ್ಗಿಸಿ ಒಂದು ಶುಭಾಶಯ ಪತ್ರವನ್ನು ಎತ್ತಿ ಹಿಡಿಯುತ್ತಾಳೆ. ಅದರ ಮೇಲೊಬ್ಬ ಅಜ್ಜಿ, ಅಜ್ಜಿಯ ತಲೆಯ ಮೇಲೆ ಎತ್ತರದ ಬಿಳಿ ಮುಂಡಾಸು. ಪತ್ರ ಬಿಡಿಸಿದರೆ ಮುಂಡಾಸು ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಉದ್ದಕ್ಕೂ ಹಾರೈಕೆ ಬರೆದಿರುತ್ತದೆ. "ಈ ಅಜ್ಜಿಯೇ ನನ್ನ ಅಂಗಡಿಯ ಗುಟ್ಟು," ಎನ್ನುತ್ತಾಳೆ ಸಾಲ್ಕಿನ್.

ನನ್ನ ಅಂಗಡಿಯಂತೆ!

ಆ ಅಜ್ಜಿ ಜಿಪಾರಾಳ ಅಜ್ಜಿ. ಕೊಚ್ಕೋರ್ ಹಳ್ಳಿಯ ಮನೆಯಲ್ಲಿ ಬೂದು ಕಣ್ಣು ಕಿರಿದು ಮಾಡಿಕೊಂಡು ಕೂತು, ಹಿಂದಿನ ಹೆಂಗಸರ ಮುಂಡಾಸಿನ ಬಟ್ಟೆ ಎಷ್ಟು ಮೊಳ ಇರುತ್ತಿತ್ತು, ವಲಸೆಯ ದಾರಿಯಲ್ಲಿ ಮಗು ಹುಟ್ಟಿದರೆ ಅದರದೇ ಒಂದು ತುಂಡು ಹರಿದು ಹೇಗೆ ಸುತ್ತುತ್ತಿದ್ದರು ಎಂದು ಹೇಳಿದವಳು. ಆ ಬಟ್ಟೆಯನ್ನು ಕಾಗದದಲ್ಲಿ ತರಲು ಜಿಪಾರಾ ನಾಲ್ಕು ತಿಂಗಳು ಒದ್ದಾಡಿದ್ದಳು. ಬಿಡಿಸಿದಾಗ ಹರಿಯಬಾರದು, ಮುಚ್ಚಿದಾಗ ಉಬ್ಬಬಾರದು. ಹಗಲೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಸೇಬು, ಹೂಜಿ ಬರೆಯಲು ಕಲಿಸಿ, ಸಂಜೆ ಸಾಲ್ಕಿನ್‌ಳ ಮನೆಗೆ ಬಂದು ಕತ್ತರಿ ಹಿಡಿಯುತ್ತಿದ್ದಳು. ಸಾಲ್ಕಿನ್ ಆಸ್ಪತ್ರೆಯಲ್ಲಿ ರೋಗಿಗಳ ಕಡತ ಜೋಡಿಸುವ ಗುಮಾಸ್ತೆ. ಒಂದು ನೇರ ಗೆರೆ ಎಳೆಯಲು ಬಾರದವಳು. ಅವಳ ಕೆಲಸ ಫೋಟೊ ತೆಗೆಯುವುದು, ಅಂಗಡಿಯ ಇಂಟರ್ನೆಟ್ ಪುಟಕ್ಕೆ ಹಾಕುವುದು, ಲಕೋಟೆ ಕಟ್ಟಿ ಕಳಿಸುವುದು, ಗಿರಾಕಿಗಳ ಜೊತೆ ಸಿಹಿಸಿಹಿಯಾಗಿ ಮಾತಾಡುವುದು. ಎಂಟು ವರ್ಷ ಇಬ್ಬರೂ ಸೇರಿ 'ಕಾರ್ಲಿಗಾಚ್' ಎಂಬ ಆ ಪುಟವನ್ನು ಸಾಕಿದ್ದರು.

ಕಳೆದ ಜುಲೈನಲ್ಲಿ ಯಾರೋ ಒಬ್ಬಳು ಆ ಪತ್ರದ ಚಿತ್ರದ ಕೆಳಗೆ, ಅಜ್ಜಿ ಸ್ವಲ್ಪ ಸಿಡುಕಿಯ ಹಾಗೆ ಕಾಣುತ್ತಾಳೆ, ನಗಿಸಬಹುದಿತ್ತು ಎಂದು ಬರೆದಳು. ಜಿಪಾರಾ ಅಂಗಡಿಯ ಹೆಸರಿನಲ್ಲೇ ಉತ್ತರ ಕೊಟ್ಟಳು: ನಿಮ್ಮತ್ತೆಯ ಮುಖ ದಿನಾ ನೋಡಿಯೂ ಅಭ್ಯಾಸವಾಗಲಿಲ್ಲವೇ? ಮಧ್ಯಾಹ್ನದೊಳಗೆ ಪುಟದ ತುಂಬ ಬೈಗುಳ. ಮರುದಿನ ಜಿಪಾರಾ ತೆರೆಯಲು ಹೋದರೆ ಪಾಸ್‌ವರ್ಡ್ ಬದಲಾಗಿತ್ತು.

"ಸ್ವಲ್ಪ ದಿನ ನೀನು ಬರೀ ಚಿತ್ರ ಮಾಡು ಕಣೇ," ಎಂದಿದ್ದಳು ಸಾಲ್ಕಿನ್. "ಮಾತು ನಂಗೆ ಬಿಡು. ನಿನ್ನ ಬಾಯಿಗೆ ಹೆದರಿ ಗಿರಾಕಿಗಳು ಓಡಿಹೋಗ್ತಿದ್ದಾರೆ."

"ಅಂದ್ರೆ ನಾನು ನಿನ್ನ ಕೂಲಿಯವಳು?"

"ನಾನು ಹಾಗಂದ್ನಾ?"

"ಅನ್ನೋದೊಂದೇ ಬಾಕಿ!"

ಬಾಗಿಲನ್ನು ದಡಾರನೆ ಹಾಕಿಕೊಂಡು ಬಂದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಏಳು ತಿಂಗಳಾಗಿತ್ತು. ಸಾಲ್ಕಿನ್ ನಾಲ್ಕೈದು ಸಲ ಫೋನ್ ಮಾಡಿದಳು, ಇವಳು ಎತ್ತಲಿಲ್ಲ. ಆಮೇಲೆ ಅವಳೂ ಸುಮ್ಮನಾದಳು. ಸುಮ್ಮನಾಗಿ ಈಗ ಮೈಕಿನ ಮುಂದೆ ಅಜ್ಜಿಯನ್ನು ಎತ್ತಿ ತೋರಿಸುತ್ತಿದ್ದಾಳೆ. ಅಂಗಡಿ ನನ್ನದಾಗದಿದ್ದರೆ ಅವಳದೂ ಆಗಬಾರದು ಎಂದು ಜಿಪಾರಾ ತೀರ್ಮಾನಿಸಿದ್ದು ಹನ್ನೊಂದನೆಯ ಸಲ ನೋಡಿದ ಮೇಲೆ.

ತೀರ್ಮಾನವಾದ ಮೇಲೆ ಮನಸ್ಸು ತಣ್ಣಗಾಯಿತು, ಲೆಕ್ಕಾಚಾರ ತಾನಾಗಿ ಬಿಚ್ಚಿಕೊಂಡಿತು. ಸಾಲ್ಕಿನ್ ಅಂಗಡಿಯ ನಂಬರನ್ನು ಒಂದು ಹಳೆಯ ಫೋನಿನಲ್ಲಿ ಇಟ್ಟಿದ್ದಳು. ಗಿರಾಕಿಗಳು ಮದುವೆ ಮುಂಜಿಯಲ್ಲೂ ಜೀವ ತಿನ್ನುತ್ತಾರೆಂದು ಅದನ್ನು ಮನೆಯಿಂದಾಚೆ ಒಯ್ಯುತ್ತಲೇ ಇರಲಿಲ್ಲ. ಅದಕ್ಕೊಂದು ಲಾಕೂ ಇರಲಿಲ್ಲ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಯಾರಾದರೂ ಒತ್ತಿದರೆ ಆರು ಅಂಕಿಗಳ ಸಂದೇಶ ಬರುವುದು ಆ ಫೋನಿಗೇ. ಆ ಅಂಕಿಗಳು ಹತ್ತು ನಿಮಿಷ ಮಾತ್ರ ನಡೆಯುತ್ತವೆ. ಹಾಗಾಗಿ ಆ ಹೊತ್ತಿಗೆ ಆ ಫೋನಿನ ಮುಂದೆ ಇರಬೇಕು. ಸಾಲ್ಕಿನ್ ಪಾಸ್‌ವರ್ಡ್ ಬದಲಾಯಿಸಿದ್ದಳೇ ಹೊರತು ಮನೆಯ ಬೀಗ ಬದಲಾಯಿಸಿರಲಿಲ್ಲ. ಎಂಟು ವರ್ಷದ ಹಿಂದೆ ಕೊಟ್ಟ ಬೀಗದ ಕೈ ಜಿಪಾರಾಳ ಪರ್ಸಿನಲ್ಲೇ ಇತ್ತು. ಪೆದ್ದಿ, ಪೆದ್ದಿ ಎಂದು ಜಿಪಾರಾ ಅವಳನ್ನು ಮನಸ್ಸಿನಲ್ಲೇ ಬೈದಳು.

ಉಳಿದದ್ದು ಸುಲಭ. ಪೇಟೆಯಲ್ಲಿ ಕೈಬದಲಾದ ಒಂದು ಫೋನು ಕೊಂಡಳು, ಅದಕ್ಕೆ ಸಿಮ್ ಹಾಕಲಿಲ್ಲ. ಸಾಲ್ಕಿನ್‌ಳ ಮನೆಯ ಕೆಳಗೆ ಇರುವ ಚಹಾದಂಗಡಿಯ ವೈಫೈ ಮೇಲಿನ ಅಡುಗೆಮನೆಯವರೆಗೂ ಸಿಗುತ್ತದೆ, ಅದನ್ನು ದಿನಕ್ಕೆ ನೂರು ಜನ ಬಳಸುತ್ತಾರೆ. ಪುಟದ ಒಳಗೆ ಹೋಗುವುದು, ನಂಬರು ಬದಲಾಯಿಸುವುದು, ಎಂಟು ವರ್ಷದ ಚಿತ್ರಗಳನ್ನೆಲ್ಲ ಅಳಿಸುವುದು, ಹೆಸರಿನ ಜಾಗದಲ್ಲಿ ಯಾರಿಗೂ ಅರ್ಥವಾಗದ ಅಕ್ಷರಗಳನ್ನು ತುಂಬಿ ಅಗ್ಗದ ಬೂಟಿನ ಜಾಹೀರಾತು ಅಂಟಿಸುವುದು. ಕಳ್ಳರು ಪುಟ ಕದ್ದಾಗ ಹೀಗೇ ಮಾಡುತ್ತಾರೆ, ಊರಿಗೆಲ್ಲ ಗೊತ್ತು. ಯಾವುದೋ ದೇಶದ ಯಾವುದೋ ಕತ್ತಲೆ ಕೋಣೆಯ ಖದೀಮನಿಗೆ ಎಲ್ಲರೂ ಶಾಪ ಹಾಕಿ ಸುಮ್ಮನಾಗುತ್ತಾರೆ. ಮಾರ್ಚ್ ಎಂಟರ ಮಹಿಳಾ ದಿನಕ್ಕೆ ಒಂಬತ್ತು ದಿನ ಇರುವಾಗ ಮಾಡಬೇಕು. ತಾಯಿಗೆ, ಅಕ್ಕನಿಗೆ, ಟೀಚರಿಗೆ ಎಂದು ಪತ್ರ ಕೊಳ್ಳಲು ಇಡೀ ಊರು ಮುಗಿಬೀಳುವ ವಾರ ಅದು. ಹೊಡೆದರೆ ಆಗಲೇ ಹೊಡೆಯಬೇಕು.

ಆ ಹೊತ್ತಿನಲ್ಲಿ ತಾನೆಲ್ಲಿದ್ದೆ ಎಂದು ಹೇಳಲು ಸಾಕ್ಷಿ ಹುಡುಕುವ ಗೋಜಿಗೇ ಅವಳು ಹೋಗಲಿಲ್ಲ. ಪುಟ ಕಳವಾದರೆ ನೀನೆಲ್ಲಿದ್ದೆ ಎಂದು ಯಾರನ್ನು ಯಾರು ಕೇಳುತ್ತಾರೆ? ವೇಷ ಮರೆಸುವುದೂ ದಡ್ಡತನ. ಮುಖಕ್ಕೆ ಶಾಲು ಸುತ್ತಿಕೊಂಡು ಹೋದರೆ ವಠಾರದ ಬೆಂಚಿನ ಮೇಲಿನ ಹೆಂಗಸರೆಲ್ಲ ಕತ್ತು ತಿರುಗಿಸುತ್ತಾರೆ. ಎಂಟು ವರ್ಷ ಹೇಗೆ ಹೋಗುತ್ತಿದ್ದಳೋ ಹಾಗೇ ಹಗಲು ಹೊತ್ತಿನಲ್ಲಿ, ಕೈಚೀಲ ಹಿಡಿದು, ತಾನಾಗಿಯೇ ಹೋಗುವುದು. ಯಾರಾದರೂ ಕೇಳಿದರೆ ಹೇಳಲು ಒಂದು ಮಾತನ್ನೂ ಕಟ್ಟಿಟ್ಟುಕೊಂಡಿದ್ದಳು.

ಶನಿವಾರ ಬಂತು. ಸಾಲ್ಕಿನ್‌ಳ ಅಣ್ಣನ ಮಗು ಮೊದಲ ಹೆಜ್ಜೆ ಇಟ್ಟಿದೆಯೆಂದು ನಾರಿನ್‌ನಲ್ಲಿ ದೊಡ್ಡ ಔತಣ. ತಾನು ಬರುವುದು ಮಂಗಳವಾರವೆಂದು ಅವಳೇ ಪುಟದಲ್ಲಿ ಹಾಕಿದ್ದಳು. ಹನ್ನೊಂದೂವರೆಗೆ ಜಿಪಾರಾ ವಠಾರದೊಳಗೆ ಕಾಲಿಟ್ಟಳು. ಹಿಮ ಕರಗಿ ಅಂಗಳವೆಲ್ಲ ಕೆಸರು. ಬೆಂಚಿನ ಮೇಲೆ ಮೊದಲ ಮಹಡಿಯ ಮುದುಕಿ ಬಾತ್ಮಾ ಅಪಾ ಒಬ್ಬರೇ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು.

"ಯಾರು, ಜಿಪಾರಾನಾ? ಏನೇ ಮಗಳೇ, ಮುಖ ತೋರಿಸೋದೇ ಬಿಟ್ಬಿಟ್ಟೆಯಲ್ಲ! ಕೂದಲಿಗೇನಾಯ್ತು, ಕುರಿ ಉಣ್ಣೆ ಕತ್ತರಿಸೋರ ಕೈಗೆ ಸಿಕ್ಕಿದ್ಯಾ?"

"ಈಗಿನ ಕಾಲದಲ್ಲಿ ಹೀಗೇ ಅಪಾ. ಚೆನ್ನಾಗಿದ್ದೀರಾ?"

"ಮೊಣಕಾಲು ಒಂದು ಬಿಟ್ಟು ಉಳಿದಿದ್ದೆಲ್ಲ ಚೆನ್ನಾಗಿದೆ. ಸಾಲ್ಕಿನ್ ಇಲ್ವಲ್ಲೇ, ನಾರಿನ್‌ಗೆ ಹೋದ್ಲು."

"ಅಯ್ಯೋ, ಹೌದಾ? ಮಾತಾಡೋಣ ಅಂತಲೇ ಬಂದೆ." ಕಟ್ಟಿಟ್ಟುಕೊಂಡ ಮಾತು ಬೆಣ್ಣೆಯ ಹಾಗೆ ಜಾರಿ ಬಂತು. "ಇರ್ಲಿ, ಮೇಲೆ ಹೋಗಿ ಅವಳ ಗಿಡಕ್ಕೆ ಒಂದಿಷ್ಟು ನೀರಾದ್ರೂ ಹಾಕಿ ಹೋಗ್ತೀನಿ. ಬೀಗದ ಕೈ ನನ್ ಹತ್ರಾನೂ ಇದೆಯಲ್ಲ."

ಮುದುಕಿ ಅವಳ ಕೈ ಹಿಡಿದುಕೊಂಡರು. "ಹಾಗಾದ್ರೆ ಜಗಳ ಮುಗೀತಾ?"

"ಮುಗೀತು ಅಪಾ. ಎಷ್ಟು ದಿನ ಅಂತ ಮುಖ ತಿರುಗಿಸ್ಕೊಂಡು ಓಡಾಡೋದು?"

"ಅದು ಮಾತು ಅಂದ್ರೆ! ಅದು ಹೆಣ್ಣು ಅಂದ್ರೆ!" ಬಾತ್ಮಾ ಅಪಾ ಅವರ ಕಣ್ಣಲ್ಲಿ ನೀರೇ ಬಂತು. ಎರಡೂ ಅಂಗೈ ತೆರೆದು ಏನೋ ಹರಸಿ ಮುಖ ಸವರಿಕೊಂಡರು. ಜಿಪಾರಾಳೂ ಅಂಗೈ ತೆರೆದು ಮುಖ ಸವರಿಕೊಂಡಳು. ಮೆಟ್ಟಿಲು ಹತ್ತುತ್ತ ಇನ್ನೊಮ್ಮೆ ಲೆಕ್ಕ ನೋಡಿದಳು. ಎಂಬತ್ತರ ಮುದುಕಿ. ಚಾಡಿ ಹೇಳುವ ಚಾಳಿಯಿಲ್ಲ, ಯಾರ ಮನೆಯ ಕೆಟ್ಟ ಮಾತನ್ನೂ ಯಾರಿಗೂ ಒಯ್ದು ಮುಟ್ಟಿಸಿದವರಲ್ಲ. ಪುಟ ಅಂದರೇನು, ಅದನ್ನು ಕದಿಯುವುದು ಅಂದರೇನು ಎಂದು ಆ ತಲೆಗೆ ಹೊಳೆಯುವುದೂ ಇಲ್ಲ. ಮಂಗಳವಾರದ ಹೊತ್ತಿಗೆ ಇವತ್ತು ನೋಡಿದ್ದು ಮರೆತೇಹೋಗಿರುತ್ತದೆ.

ಬಾಗಿಲು ತೆರೆದುಕೊಂಡಿತು. ಅದೇ ಅಂಟಿನ ವಾಸನೆ, ಅದೇ ಉದ್ದನೆಯ ಮೇಜು. ಮೇಜಿನ ಮೇಲೆ ಲಕೋಟೆಗೆ ಸೇರಬೇಕಾದ ಅಜ್ಜಿಯರು ಸಾಲಾಗಿ ನಿಂತಿದ್ದರು. ಕಿಟಕಿಯ ಪಕ್ಕದಲ್ಲಿ ಜಿಪಾರಾಳ ಕುರ್ಚಿ, ಅದರ ಮೇಲೆ ಅವಳದೇ ದಿಂಬು. ಮೊಳೆಗೆ ನೇತುಹಾಕಿದ್ದ ಅವಳ ಏಪ್ರನ್ ಒಗೆದು ಇಸ್ತ್ರಿ ಮಾಡಿತ್ತು. ಅವಳ ಬಟ್ಟಲು ಕಪಾಟಿನಲ್ಲಿ ತೊಳೆದು ಬೋರಲು ಹಾಕಿತ್ತು. ನನ್ನ ಬಟ್ಟಲನ್ನೂ ನುಂಗಿಹಾಕಿದಳಲ್ಲ ಎಂದು ಜಿಪಾರಾ ಹಲ್ಲು ಕಡಿದಳು. ಕುರ್ಚಿ, ಏಪ್ರನ್, ಬಟ್ಟಲು, ಅಜ್ಜಿ, ಎಲ್ಲವನ್ನೂ ತನ್ನದು ಮಾಡಿಕೊಂಡು ಕೂತಿದ್ದಾಳೆ!

ಹಳೆಯ ಫೋನು ದಾರದ ಉಂಡೆಗಳ ಡಬ್ಬಿಯಲ್ಲಿತ್ತು. ಪೇಟೆಯ ಫೋನಿನಲ್ಲಿ ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದಳು. ಆರು ಅಂಕಿ ಬಂದವು, ತುಂಬಿದಳು, ಪುಟ ತೆರೆಯಿತು. ನಂಬರು ಬದಲಾಯಿತು. ಚಿತ್ರಗಳನ್ನು ಒಟ್ಟೊಟ್ಟಿಗೆ ಆರಿಸಿ ಅಳಿಸುತ್ತ ಹೋದಳು: ಹೊಸ ವರ್ಷದವು, ನೂರುಜ್ ಹಬ್ಬದವು, ಮಗು ಹುಟ್ಟಿದವರಿಗೆ ಕಳಿಸುವವು. ಅಜ್ಜಿಯ ಮೊಟ್ಟಮೊದಲ ಚಿತ್ರ ಬಂದಾಗ ಬೆರಳು ಒಂದು ಕ್ಷಣ ನಿಂತಿತು. ಅದನ್ನು ತೆಗೆದ ದಿನ ಇಬ್ಬರೂ ನೆಲದ ಮೇಲೆ ಕೂತು, ಪತ್ರ ಹರಿಯದೆ ಬಿಚ್ಚಿಕೊಂಡಿತೆಂದು ಹುಚ್ಚರ ಹಾಗೆ ಕಿರುಚಿದ್ದರು. ಅವಳ ಕೈಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂದುಕೊಂಡು ಅದನ್ನೂ ಅಳಿಸಿದಳು. ಕೊನೆಗೆ ಬೂಟಿನ ಚಿತ್ರ ಹಾಕಿ, ಹಳೆಯ ಫೋನಿಗೆ ಬಂದ ಸಂದೇಶ ಅಳಿಸಿ, ಫೋನು ಒರೆಸಿ, ದಾರದ ಉಂಡೆಗಳ ನಡುವೆ ಇದ್ದ ಹಾಗೇ ಇಟ್ಟಳು. ಹೇಳಿದ ಸುಳ್ಳು ನಿಜವಾಗಿರಲಿ ಎಂದು ಗಿಡಕ್ಕೆ ನೀರನ್ನೂ ಹಾಕಿದಳು.

ಕೆಳಗಿಳಿದಾಗ ಬೆಂಚು ಖಾಲಿ. ಅದೃಷ್ಟ ಅಂದರೆ ಇದು ಎನ್ನಿಸಿತು. ಪೇಟೆಯ ಫೋನನ್ನು ಸೇತುವೆಯ ಮೇಲಿಂದ ಅಲಾ-ಆರ್ಚಾ ಹೊಳೆಗೆ ಬಿಟ್ಟು, ದಾರಿಯಲ್ಲಿ ಬಿಸಿ ರೊಟ್ಟಿ ಕೊಂಡು ಮನೆಗೆ ಬಂದಳು. ಚಹಾ ಕುದಿಯಿತು. ಏಳು ತಿಂಗಳಲ್ಲಿ ಮೊದಲ ಸಲ ಊಟ ರುಚಿಸಿತು, ಮೊದಲ ಸಲ ಎದೆಯೊಳಗಿನ ಕೆಂಡ ಆರಿದ ಹಾಗಾಯಿತು. ಎರಡು ಗಂಟೆಗೆ ಫೋನು ಬಡಿದುಕೊಂಡಾಗ, ತೆರೆಯ ಮೇಲೆ ಸಾಲ್ಕಿನ್‌ಳ ಹೆಸರು ನೋಡಿಯೂ ಅವಳು ಗಾಬರಿಯಾಗಲಿಲ್ಲ. ಅಳುತ್ತಾಳೆ, ಅಳಲಿ. ಅಯ್ಯೋ ಪಾಪ, ಯಾವ ಹಾಳಾದವನು ಮಾಡಿದ್ದೋ ಎನ್ನುವ ದನಿಯನ್ನು ಗಂಟಲಲ್ಲಿ ಸಿದ್ಧ ಮಾಡಿಕೊಂಡೇ ಎತ್ತಿದಳು.

ಆ ಕಡೆ ಹಾಡು, ನಗು, ಪಾತ್ರೆಗಳ ಸದ್ದು. "ಜಿಪಾರಾ! ಸುಯುಂಚು ಕೊಟ್ಟಾಯ್ತು ಕಣೇ!" ಎಂದು ಸಾಲ್ಕಿನ್ ಕೂಗಿದಳು. ಒಳ್ಳೆಯ ಸುದ್ದಿಯನ್ನು ಮೊದಲು ಮುಟ್ಟಿಸಿದವರು ಸುಯುಂಚು ಎಂದು ಕೈ ಒಡ್ಡುತ್ತಾರೆ, ಕೇಳಿದವರು ಉಡುಗೊರೆ ಕೊಡಲೇಬೇಕು. ಈ ನಾಡಿನ ಯಾವ ಮುದುಕಿಯೂ ಅಂಥ ಸುದ್ದಿಯನ್ನು ಮಂಗಳವಾರದವರೆಗೆ ಬಾಯಲ್ಲಿ ಇಟ್ಟುಕೊಂಡು ಕೂರುವವಳಲ್ಲ. ಕೆಟ್ಟ ಸುದ್ದಿ ಒಯ್ಯುವವರನ್ನೆಲ್ಲ ಎಣಿಸಿದ್ದ ಜಿಪಾರಾ ಇದೊಂದನ್ನು ಎಣಿಸಿರಲಿಲ್ಲ. "ನೀನು ಮೇಲೆ ಹತ್ತಿದ್ದೇ ತಡ, ಬಾತ್ಮಾ ಅಪಾ ಪಕ್ಕದ ಮನೆಗೆ ಓಡಿ, ಫೋನ್ ಇಸ್ಕೊಂಡು ನಂಗೆ ಮಾಡಿದ್ರು! 'ಸುಯುಂಚು ಕೊಡೇ, ನಿನ್ನ ಜಿಪಾರಾ ಬಂದಿದ್ದಾಳೆ, ಈಗ ನಿನ್ನ ಮನೆ ಒಳಗಿದ್ದಾಳೆ' ಅಂದ್ರು. ರೇಷ್ಮೆ ಶಾಲು ಕೊಡ್ತೀನಿ ಅಂದೆ. ಇಲ್ಲಿ ಇನ್ನೂರು ಜನಕ್ಕೂ ಹೇಳ್ಬಿಟ್ಟೆ, ನಮ್ಮಮ್ಮ ಅತ್ತೇಬಿಟ್ರು ಕಣೇ. ಎಲ್ಲರ ಮುಂದೆ ನಿನ್ನ ಹೆಸರು ನನ್ನ ಹೆಸರಿನ ಪಕ್ಕ ಹಾಕ್ಬೇಕು ಅಂತ ಪುಟ ತೆಗೀತಿದ್ದೀನಿ, ಅದ್ಯಾಕೋ ಬರೀ ಬೂಟಿನ ಚಿತ್ರ ಬರ್ತಿದೆ, ಒಳಗೇ ಬಿಡ್ತಿಲ್ಲ. ಹನ್ನೆರಡು ಗಂಟೆಗೆ ಯಾರೋ ನಂಬರು ಬದಲಾಯಿಸಿದ್ದಾರೆ ಅಂತ ಈಮೇಲ್ ಬಂದಿದೆ. ಆಗ ನೀನು ಮನೇಲೇ ಇದ್ದೆಯಲ್ಲ, ನಮ್ಮ ಹಳೇ ಫೋನಿಗೆ ಏನಾದ್ರೂ ಬಂದಿತ್ತಾ?"