ಕೆಂಪು ಲಂಗ, ನೀಲಿ ಫ್ರಾಕ್

"ಅಲ್ಲಾಡಬೇಡ ಕಂದಾ, ಪಿನ್ನು ಚುಚ್ಚುತ್ತೆ!"

ಬ್ಲಾಜೆನಾ ಅಜ್ಜಿಯ ತುಟಿಗಳ ನಡುವೆ ಮೂರು ಪಿನ್ನುಗಳಿದ್ದವು. ಅದಕ್ಕೇ ಮಾತೆಲ್ಲ ಬುಸ್ ಬುಸ್ ಅಂತ ಬರುತ್ತಿತ್ತು. ಹಾಮಿ ಅಡುಗೆಮನೆಯ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದಳು.

ಅವಳು ಉಟ್ಟಿದ್ದು ಕೆಂಪು ಲಂಗ. ಅಂಚಿಗೆ ಎರಡು ಕಪ್ಪು ಪಟ್ಟಿ. ಒಳಗೆ ಗಂಜಿ ಹಾಕಿದ ಬಿಳಿ ಒಳಲಂಗ.

"ಸೊಂಟ ಇನ್ನೂ ಸಡಿಲ. ನೀನು ಊಟಾನೇ ಮಾಡಲ್ವಾ?"

"ಬೆಳಿಗ್ಗೆ ಐದು ಬನ್ನು ತಿಂದೆ ಅಜ್ಜಿ. ನೀನೇ ಕೊಟ್ಟಿದ್ದು!"

"ಆರನೇದು ಬೇಡ ಅಂದ್ಯಲ್ಲ, ಅದಕ್ಕೇ," ಅಂದಳು ಅಜ್ಜಿ. "ಸರಿ, ಇಳಿ. ಒಂದು ಸುತ್ತು ಸುತ್ತು, ನೋಡೋಣ."

ಹಾಮಿ ಇಳಿದು ಗಿರ್ರನೆ ತಿರುಗಿದಳು. ಲಂಗ ಛತ್ರಿಯ ಹಾಗೆ ಬಿಚ್ಚಿಕೊಂಡಿತು. ಒಲೆಯ ಮುಂದೆ ಮಲಗಿದ್ದ ಬೆಕ್ಕು ಎದ್ದು ಓಡಿತು.

"ಇವೆತಾಗೆ ಅಂತ ಹೊಲಿದದ್ದು," ಅಜ್ಜಿ ಹೇಳಿದಳು. ಇವೆತಾ ಅಂದರೆ ಅಜ್ಜಿಯ ಮಗಳು. "ಆಗ ಅವಳಿಗೂ ಹತ್ತು ವರ್ಷ. ಕುಣಿಯೋ ದಿನ ಬಂತು, ಜೀನ್ಸ್ ಹಾಕ್ಕೊಂಡು ಕಿಟಕಿಯಿಂದ ಹಾರಿ ಓಡಿಹೋದಳು, ಕತ್ತೆ! ಈ ಲಂಗ ಒಂದು ಸಲಾನೂ ಪೋಲ್ಕಾ ಕುಣಿದಿಲ್ಲ."

ಬ್ಲಾಜೆನಾ ಹಾಮಿಯ ಸ್ವಂತ ಅಜ್ಜಿ ಅಲ್ಲ. ಸ್ವಂತ ಅಜ್ಜಿ ವಿಯೆಟ್ನಾಮಿನಲ್ಲಿದ್ದಾಳೆ, ಫೋನಿನಲ್ಲಿ ಮಾತ್ರ ಸಿಗುತ್ತಾಳೆ. ಅಪ್ಪ ಅಮ್ಮ ಅಲ್ಲಿಂದ ಈ ಜೆಕ್ ಊರಿಗೆ ಬಂದವರು. ಹಾಮಿಯ ಅಮ್ಮ ಬೆಳಿಗ್ಗೆ ಏಳಕ್ಕೆ ಅಂಗಡಿಯ ಬಾಗಿಲು ತೆಗೆದರೆ ಮುಚ್ಚುವುದು ರಾತ್ರಿ ಎಂಟಕ್ಕೆ. ಅಪ್ಪನಿಗೆ ಪಕ್ಕದೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಅದಕ್ಕೇ ಎಂಟು ತಿಂಗಳ ಕೂಸಾಗಿದ್ದಾಗಿಂದ ಹಾಮಿ ಬೆಳೆದದ್ದು ಈ ಅಡುಗೆಮನೆಯಲ್ಲೇ. ಜೆಕ್ ಮಾತು ಕಲಿತದ್ದು ಇಲ್ಲೇ, ಪೋಲ್ಕಾ ಹೆಜ್ಜೆ ಕಲಿತದ್ದೂ ಇಲ್ಲೇ.

ಶನಿವಾರ ಊರ ಹಬ್ಬ. ಊರ ಹಾಲ್‌ನಲ್ಲಿ ನಾಲ್ಕನೇ ಕ್ಲಾಸಿನವರು ಜೋಡಿ ಜೋಡಿಯಾಗಿ ಪೋಲ್ಕಾ ಕುಣಿಯಬೇಕು. "ಬಟ್ಟೆ ನಿಮ್ಮಿಷ್ಟ. ಕುಣಿಯೋಕೆ ಆಗಬೇಕು, ಅಷ್ಟೇ," ಅಂದಿದ್ದರು ಕೌಟ್ನಾ ಟೀಚರ್.

ಲಂಗವನ್ನು ಅಜ್ಜಿಯ ಹತ್ತಿರವೇ ಬಿಟ್ಟು ಹಾಮಿ ಅಂಗಡಿಗೆ ಓಡಿದಳು. ಬಾಗಿಲು ತಳ್ಳುವ ಮೊದಲೇ ಅಮ್ಮ ಒಳಗಿಂದ ಕೂಗಿದಳು.

"ಬಾ, ಬಾ, ಬೇಗ! ಕಣ್ಣು ಮುಚ್ಚು!"

ಹಾಮಿ ಕಣ್ಣು ಮುಚ್ಚಿದಳು. ಪ್ಲಾಸ್ಟಿಕ್ ಕವರ್ ಚರಚರ ಅಂದಿತು.

"ಈಗ ತೆಗಿ!"

ನೀಲಿ ಫ್ರಾಕ್. ಎದೆಯ ತುಂಬ ಮಿಂಚು. ಕೆಳಗೆ ನಾಲ್ಕು ಪದರ ಬಲೆಬಟ್ಟೆ. ಅದು ಒಂದು ಪುಟ್ಟ ಮಂಚದಷ್ಟು ಅಗಲ ಇತ್ತು.

"ಪ್ರಾಗ್ ಮಾರ್ಕೆಟ್‌ನಿಂದ ಚಿಕ್ಕಮ್ಮನ ಕೈಲಿ ತರಿಸಿದೆ. ಹೇಗಿದೆ? ಪೋಲ್ಕಾ ದಿನ ನೀನೇ ಎಲ್ಲರಿಗಿಂತ ಚಂದ ಕಾಣಬೇಕು." ಅಮ್ಮನ ಕೆನ್ನೆ ಕೆಂಪಾಗಿತ್ತು. "ಇನ್ನೊಂದು ವಿಷಯ ಗೊತ್ತಾ? ಶನಿವಾರ ಎರಡು ಗಂಟೆ ಹೊತ್ತು ಅಂಗಡಿ ಮುಚ್ತೀನಿ. ನಾನೂ ಬರ್ತೀನಿ ನೋಡೋಕೆ."

ಅಮ್ಮ ಇದುವರೆಗೆ ಶಾಲೆಯ ಒಂದು ಕಾರ್ಯಕ್ರಮಕ್ಕೂ ಬಂದಿರಲಿಲ್ಲ. ಒಂದಕ್ಕೂ!

ಕೆಂಪು ಲಂಗದ ಮಾತು ಹಾಮಿಯ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಟ್ಟಿತು.

"ಚೆನ್ನಾಗಿದೆ ಅಮ್ಮಾ," ಅಂದಳು.

ಮರುದಿನ ಅಜ್ಜಿ ಸೂಪು ಬಡಿಸುವಾಗ ಹಾಮಿ ತಟ್ಟೆ ನೋಡುತ್ತಲೇ ಹೇಳಿದಳು. "ಅಜ್ಜೀ... ಆ ಲಂಗ ಬೇಡ ಅಂದಳು ಅಮ್ಮ."

ಸೌಟು ಗಾಳಿಯಲ್ಲೇ ನಿಂತಿತು.

"ಹಂಗಂದಳಾ?"

"ಹೂಂ. ಹಳೇದು ಅಂತೆ."

ಅಮ್ಮ ಹಾಗೆ ಅಂದೇ ಇರಲಿಲ್ಲ. ಲಂಗವನ್ನು ಅವಳು ನೋಡಿಯೂ ಇರಲಿಲ್ಲ. ಅಜ್ಜಿ ಸೂಪು ಬಡಿಸಿದಳು. ಆದರೆ ಇನ್ನೊಂದು ಸೌಟು ಹಾಕಲೇ ಅಂತ ಕೇಳಲಿಲ್ಲ. ಅಜ್ಜಿ ಹಾಗೆ ಕೇಳದೆ ಇದ್ದದ್ದು ಅದೇ ಮೊದಲು.

ಗುರುವಾರ ಶಾಲೆಯಲ್ಲಿ ರಿಹರ್ಸಲ್. ಹಾಮಿ ನೀಲಿ ಫ್ರಾಕ್ ಹಾಕಿಕೊಂಡು ಹೋದಳು. ಅವಳ ಜೋಡಿ ವೊಯ್ತಾ ಕೈ ಚಾಚಿ ಹತ್ತಿರ ಬಂದ. ಬಲೆಬಟ್ಟೆ ಅಡ್ಡ ಬಂತು. ಆ ಕಡೆಯಿಂದ ಬಂದ. ಅಲ್ಲೂ ಬಲೆಬಟ್ಟೆ.

"ನಿನ್ನ ಸೊಂಟ ಎಲ್ಲಿದೆ? ನಂಗೆ ಸಿಗ್ತಾನೇ ಇಲ್ಲ!" ಅಂದ ವೊಯ್ತಾ.

ಎಲ್ಲರೂ ಗೊಳ್ಳೆಂದು ನಕ್ಕರು. ಸಂಗೀತ ಶುರುವಾಯಿತು. ಒಂದು-ಎರಡು-ಮೂರು-ಹಾರು, ಒಂದು-ಎರಡು-ಮೂರು-ಹಾರು. ಎರಡನೇ ಸುತ್ತಿಗೇ ವೊಯ್ತಾನ ಶೂ ಬಲೆಯೊಳಗೆ ಸಿಕ್ಕಿಕೊಂಡಿತು. ಇಬ್ಬರೂ ಧೊಪ್ಪನೆ ಬಿದ್ದರು.

"ಮೀನು ಬಿತ್ತು ಬಲೆಗೆ!" ಯಾರೋ ಹಿಂದಿನಿಂದ ಕೂಗಿದರು.

ಸಂಜೆ ಹಾಮಿ ಅಂಗಡಿಗೆ ಹೋದಾಗ ಅಮ್ಮ ನೂಡಲ್ಸ್ ಪ್ಯಾಕೆಟ್ ಜೋಡಿಸುತ್ತಿದ್ದಳು.

"ಏನಂದರು ಎಲ್ಲರೂ? ಫ್ರಾಕ್ ನೋಡಿ?"

"ಟೀಚರ್ ಬೇಡ ಅಂದರು ಅಮ್ಮಾ," ಹಾಮಿ ಗಡಬಡಿಸಿ ಹೇಳಿದಳು. "ಎಲ್ಲರೂ ಇಲ್ಲಿಯವರ ಥರಾನೇ ಲಂಗ ಹಾಕ್ಕೋಬೇಕಂತೆ. ರೂಲ್."

ಅಮ್ಮನ ಕೈ ನಿಂತಿತು. "ಓ," ಅಂದಳು. ಕೈಯಲ್ಲಿದ್ದ ಪ್ಯಾಕೆಟ್ ಕೆಳಗಿಟ್ಟು ಕೇಳಿದಳು: "ನಾನು ಮೊದಲೇ ಕೇಳಬೇಕಿತ್ತು, ಅಲ್ವಾ? ಇಲ್ಲಿಯ ಪದ್ಧತಿ ನಂಗೆಲ್ಲಿ ಗೊತ್ತಾಗುತ್ತೆ."

ಅದೇ ಹೊತ್ತಿಗೆ ಬಾಗಿಲ ಗಂಟೆ ಟಿಣ್ ಅಂದಿತು. ಬ್ಲಾಜೆನಾ ಅಜ್ಜಿ!

ಅಜ್ಜಿ ದಿನಾ ಬಂದು ಹಾಲು ಒಯ್ಯುತ್ತಾಳೆ, ಅರ್ಧ ಗಂಟೆ ಹರಟೆ ಹೊಡೆಯುತ್ತಾಳೆ. ಇವತ್ತು ಹಾಲು ಕೌಂಟರಿನ ಮೇಲಿಟ್ಟು ಅಮ್ಮನಿಗೆ ಎದುರಾಗಿ ನೇರ ನಿಂತಳು.

"ನೋಡು ಲುವಾ, ನಾನು ನಿಮ್ಮ ಮನೆ ವಿಷಯದಲ್ಲಿ ಮೂಗು ತೂರಿಸಬಾರದಿತ್ತು. ಮಗು ನಿಂದು. ಹಳೇ ಲಂಗ ಬೇಡ ಅಂದರೆ ಬೇಡ. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಅನ್ನುವಾಗ ಅಜ್ಜಿಯ ಗಲ್ಲ ನಡುಗುತ್ತಿತ್ತು.

"ಯಾವ ಲಂಗ ಅಜ್ಜೀ?" ಅಂದಳು ಅಮ್ಮ. "ನಾನು ಏನೂ ಅಂದಿಲ್ಲವಲ್ಲ! ಲಂಗಾನೇ ಹಾಕಬೇಕು ಅಂತ ಟೀಚರ್ ರೂಲ್ ಮಾಡಿದಾರಂತೆ..."

"ಕೌಟ್ನಾನಾ? ಇವತ್ತು ಬೆಳಿಗ್ಗೆ ಬಸ್ ಸ್ಟಾಪಲ್ಲಿ ಸಿಕ್ಕಿದ್ದಳು. ಬಟ್ಟೆ ಅವರವರ ಇಷ್ಟ ಅಂದಳು, ರೂಲ್ ಗೀಲ್ ಏನೂ ಇಲ್ಲ!"

ಇಬ್ಬರೂ ಒಟ್ಟಿಗೇ ಹಾಮಿಯ ಕಡೆ ತಿರುಗಿದರು.

ಹಾಮಿ ಫ್ರಿಜ್ಜಿಗೆ ಬೆನ್ನು ಹಚ್ಚಿ ನಿಂತಳು. ಹಿಂದೆ ಹೋಗಲು ಜಾಗ ಇರಲಿಲ್ಲ.

"ನಾನು... ನಾನೇ ಹೇಳಿದ್ದು," ಅಂದಳು. ಆಮೇಲೆ ಅಳು ಒತ್ತಿಕೊಂಡು ಬಂತು. "ಲಂಗ ಹಾಕಿದ್ರೆ ಅಮ್ಮಂಗೆ ಬೇಜಾರಾಗುತ್ತೆ. ಫ್ರಾಕ್ ಹಾಕಿದ್ರೆ ಅಜ್ಜಿಗೆ ಬೇಜಾರಾಗುತ್ತೆ. ಯಾರಿಗೂ ಬೇಜಾರಾಗಬಾರದು ಅಂತ..."

"ಅಂತ ಇಬ್ಬರಿಗೂ ಬೇಜಾರು ಮಾಡಿದೆ," ಅಂದಳು ಅಜ್ಜಿ. ಬೈಯಲಿಲ್ಲ. ಜೇಬಿನಿಂದ ಕರ್ಚೀಫು ತೆಗೆದು ಕೊಟ್ಟಳು.

ಅಮ್ಮ ಕೌಂಟರಿನಿಂದ ಈಚೆ ಬಂದು ಹಾಮಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಮಗಾ, ನನ್ನ ನೋಡು. ಅಜ್ಜಿ ವಿಷಯ ಬಿಡು, ನನ್ನ ವಿಷಯ ಬಿಡು. ಕುಣಿಯೋಳು ನೀನು. ನಿಂಗೆ ಯಾವುದು ಬೇಕು?"

ಹಾಮಿ ಮೂಗು ಒರೆಸಿಕೊಂಡಳು. ಇಷ್ಟು ಚಿಕ್ಕ ಮಾತು ಹೇಳುವುದು ಇಷ್ಟು ಕಷ್ಟವೇ?

"ಕೆಂಪು ಲಂಗ."

ಅಮ್ಮ ಎರಡು ಸಲ ರೆಪ್ಪೆ ಬಡಿದಳು. ಎದ್ದು ಹೋಗಿ, ಸರಿಯಾಗೇ ಇದ್ದ ಚಾಕೊಲೇಟ್ ಡಬ್ಬಿಯನ್ನು ಇನ್ನೊಮ್ಮೆ ಸರಿಮಾಡಿದಳು. ಹಾಮಿ ಹೆದರಿ ನೋಡುತ್ತಿದ್ದಳು. ಅಮ್ಮನಿಗೆ ಬೇಜಾರಾಗಿದ್ದು ನಿಜ. ಆದರೆ ಅಂಗಡಿಯ ಛಾವಣಿ ಕುಸಿದು ಬೀಳಲಿಲ್ಲ.

"ತನ್ನಿ ಅಜ್ಜೀ, ನೋಡೋಣ ಆ ಲಂಗ," ಅಂದಳು ಅಮ್ಮ ಕೊನೆಗೆ.

ಅಜ್ಜಿಯ ಮನೆ ಎದುರಿಗೇ. ಲಂಗ ಐದು ನಿಮಿಷದಲ್ಲಿ ಕೌಂಟರಿನ ಮೇಲಿತ್ತು. ಅಮ್ಮ ಈ ದೇಶಕ್ಕೆ ಬರುವ ಮೊದಲು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿದ್ದವಳು. ಲಂಗವನ್ನು ಒಳಗು ಹೊರಗು ಮಾಡಿ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಈ ನೆರಿಗೆ ಕೈಯಲ್ಲಿ ಹಾಕಿದ್ದಾ?"

"ಮತ್ತೆ? ನನ್ನ ಹತ್ತಿರ ಆಗ ಮಿಷಿನ್ ಎಲ್ಲಿತ್ತು?"

"ನಮ್ಮ ಸೂಪರ್‌ವೈಸರ್ ನೋಡಿದ್ದರೆ ನಿಮ್ಮನ್ನು ಮನೆಗೇ ಕಳಿಸ್ತಿರಲಿಲ್ಲ ಅಜ್ಜೀ. ಆದರೆ ಸೊಂಟ ಇಲ್ಲಿ ಹಿಡೀಬೇಡಿ, ಎರಡೂ ಪಕ್ಕ ಹಿಡೀಬೇಕು. ಇಲ್ಲಾಂದ್ರೆ ನೆರಿಗೆ ಒಂದೇ ಕಡೆ ವಾಲುತ್ತೆ."

"ಅರೆ, ಹೌದಲ್ಲ! ಎಲ್ಲಿ, ನನ್ನ ಕನ್ನಡಕ?"

ಇಬ್ಬರೂ ಲಂಗದ ಮೇಲೆ ಬಗ್ಗಿಬಿಟ್ಟರು. ಬೀಡಿಂಗ್, ದಾರ, ಹುಕ್ಕು, ಏನೇನೋ ಮಾತು. ಹಾಲು ಕೊಳ್ಳಲು ಬಂದವರಿಗೆ ಹಾಮಿಯೇ ಹಾಲು ಎತ್ತಿಕೊಡಬೇಕಾಯಿತು. ಅವಳಿಗಾಗಿ ಇಷ್ಟೆಲ್ಲ ನಡೆದರೂ ಅವಳ ನೆನಪೇ ಇಬ್ಬರಿಗೂ ಇದ್ದಂತಿರಲಿಲ್ಲ.

ಶನಿವಾರ ಹಾಲ್ ತುಂಬಿತ್ತು. ಹುರಿದ ಬಾತುಕೋಳಿಯ ವಾಸನೆ, ಗಸಗಸೆ ಹೂರಣದ ಬನ್ನಿನ ವಾಸನೆ. ವೇದಿಕೆಯ ಮೇಲೆ ಅಕಾರ್ಡಿಯನ್, ತುತ್ತೂರಿ. ಮುಂದಿನ ಸಾಲಿನಲ್ಲಿ ಅಜ್ಜಿ ಆಗಲೇ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಪಕ್ಕದ ಕುರ್ಚಿ ಮಾತ್ರ ಖಾಲಿ.

ಒಂದು-ಎರಡು-ಮೂರು-ಹಾರು. ಈ ಸಲ ವೊಯ್ತಾನಿಗೆ ಸೊಂಟ ಸಿಕ್ಕಿತು. ಲಂಗ ಅರಳಿತು, ಮಡಚಿತು, ಮತ್ತೆ ಅರಳಿತು. ಮೂರನೇ ಸುತ್ತಿನಲ್ಲಿ ಹಾಮಿಯ ಕಣ್ಣಿಗೆ ಬಾಗಿಲು ಕಂಡಿತು. ಅಮ್ಮ! ಏದುಸಿರು ಬಿಡುತ್ತಾ ಗೋಡೆಗೆ ಒರಗಿ ನಿಂತಿದ್ದಳು. ಮುಂದೆ ಬರಲೇ ಇಲ್ಲ.

ಮಕ್ಕಳ ಕುಣಿತ ಮುಗಿಯಿತು. "ಈಗ ಎಲ್ಲರೂ!" ಅಂತ ತುತ್ತೂರಿಯವನು ಕೂಗಿದ. ಹೆಂಗಸರು, ಗಂಡಸರು, ಅಜ್ಜಂದಿರು ಜೋಡಿ ಜೋಡಿಯಾಗಿ ನೆಲಕ್ಕಿಳಿದರು. ಹಾಮಿ ನುಸುಳಿಕೊಂಡು ಬಾಗಿಲಿಗೆ ಓಡಿದಳು.

"ಬಾ ಅಮ್ಮಾ!"

"ಅಯ್ಯೋ, ನಾನಾ? ಹುಚ್ಚು ಹಿಡಿದಿದೆಯಾ? ನನ್ನ ಬಟ್ಟೆ ನೋಡು!"

ಹಾಮಿ ನೋಡಿದಳು. ಮೊಣಕೈ ಹತ್ತಿರ ಸವೆದ ಬೂದು ಸ್ವೆಟರ್. ಜೇಬಿನಲ್ಲಿ ರಟ್ಟು ಕತ್ತರಿಸುವ ಚಾಕು. ಕಾಲಲ್ಲಿ ರಬ್ಬರ್ ಚಪ್ಪಲಿ. ಹಾಲ್‌ನಲ್ಲಿದ್ದ ಪ್ರತಿಯೊಬ್ಬರೂ ಇವತ್ತು ಕನ್ನಡಿಯ ಮುಂದೆ ನಿಂತು ಬಂದಿದ್ದರು. ಅಮ್ಮ ಅಂಗಡಿಯಿಂದ ಹಾಗೇ ಓಡಿ ಬಂದಿದ್ದಳು.

ವಾರವಿಡೀ ಮೂವರೂ ಒಂದೇ ಮಾತಾಡಿದ್ದರು, ಹಾಮಿ ಏನು ಹಾಕಿಕೊಳ್ಳಬೇಕು ಅಂತ. ಅಮ್ಮ ಏನು ಹಾಕಿಕೊಂಡು ಬರುತ್ತಾಳೆ ಅಂತ ಯಾರೂ ಕೇಳಿರಲಿಲ್ಲ. ಹಾಮಿಯೂ ಕೇಳಿರಲಿಲ್ಲ.

"ಚಪ್ಪಲಿ ಬಿಚ್ಚು. ಕಾಲುಚೀಲದಲ್ಲಿ ಚೆನ್ನಾಗಿ ಜಾರುತ್ತೆ," ಅಂದಳು ಹಾಮಿ.

"ಜನ ನೋಡ್ತಾರೆ ಕಣೇ."

"ನೋಡಲಿ. ನಾನಿದೀನಲ್ಲ."

ಅಮ್ಮ ಆ ಕಡೆ ಈ ಕಡೆ ನೋಡಿ ಚಪ್ಪಲಿ ಬಿಚ್ಚಿದಳು. ಅವಳ ಕೈ ತಣ್ಣಗಿತ್ತು. ಹಾಮಿ ಅದನ್ನು ಎತ್ತಿ ತನ್ನ ಭುಜದ ಮೇಲಿಟ್ಟುಕೊಂಡಳು. ಮೊದಲ ಹೆಜ್ಜೆಗೇ ಅಮ್ಮ ಅವಳ ಬೆರಳು ತುಳಿದಳು, ಎರಡನೆಯದಕ್ಕೆ ಯಾರಿಗೋ ಡಿಕ್ಕಿ ಹೊಡೆದಳು. ನೆಲ ನೋಡುತ್ತಾ, ತುಟಿ ಕಚ್ಚಿ, ತನ್ನ ಭಾಷೆಯಲ್ಲಿ ಮೆಲ್ಲಗೆ ಎಣಿಸತೊಡಗಿದಳು.

ಸುತ್ತ ಎಲ್ಲರೂ ದೊಡ್ಡ ದೊಡ್ಡ ಸುತ್ತು ಹಾಕುತ್ತಿದ್ದರು. ಹಾಮಿಗೂ ಹಾಗೇ ಗಿರ್ರನೆ ತಿರುಗುವ ಆಸೆ. ಆದರೆ ಅವಳು ತನ್ನ ಹೆಜ್ಜೆಯನ್ನು ಚಿಕ್ಕದು ಮಾಡಿದಳು, ಇನ್ನೂ ಚಿಕ್ಕದು ಮಾಡಿದಳು, ಅಮ್ಮನ ಕಾಲಿಗೆ ಹೊಂದುವಷ್ಟು.

"ಈಗ ಹಾರು ಅಮ್ಮಾ," ಅಂದಳು.

ಅಮ್ಮ ಹಾರಿದಳು.