ಬೆಂಡೋಲೆಯ ಸನ್ನೆ

ಸುಭಾಷ ಮೊದಲ ಸಲ ಎಡಗಿವಿಯ ತುದಿ ಹಿಡಿದುಕೊಂಡು ತನ್ನನ್ನೇ ನೋಡಿದಾಗ ಯಕ್ಷಿತಾಳಿಗೆ ಮೈಯೆಲ್ಲ ಉರಿದುಹೋಯಿತು.

ಡೀನ್ ಸಾಹೇಬರ ಕೋಣೆಯಲ್ಲಿ ಮೀಟಿಂಗ್ ನಡೆದಿತ್ತು. ಮನುಷ್ಯರು ಬಾಯಿ ತೆರೆಯದೆ ಕಣ್ಣು, ಕೈ, ಕತ್ತಿನಲ್ಲೇ ಏನೇನು ಹೇಳಿಕೊಳ್ಳುತ್ತಾರೆ ಎಂಬುದನ್ನು ಸಂಶೋಧಿಸಲು ಮುಂಬೈಯ ಪವಾಯಿಯಲ್ಲಿದ್ದ ಆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಹೊಸದೊಂದು ವಿಭಾಗ ತೆರೆಯಬೇಕು ಎಂಬುದು ಯಕ್ಷಿತಾಳ ಯೋಚನೆ. ಅವಳು ವರ್ಷ ವರ್ಷಕ್ಕೂ ಕಾಂಟ್ರ್ಯಾಕ್ಟ್ ಮೇಲೆ ಪಾಠ ಮಾಡುವವಳು. ಎದುರಿಗೆ ಕುಳಿತ ಸುಭಾಷ ಪರ್ಮನೆಂಟ್.

"ಮುಂಬೈಯಲ್ಲಿ ಸನ್ನೆ ಮಾಡೋಕೆ ಟೈಮ್ ಯಾರಿಗಿದೆ?" ಎಂದು ಡೀನ್ ನಕ್ಕರು. ಖಾರವಾಗಿ ಏನೋ ಹೇಳಲು ಅವಳು ಬಾಯಿ ತೆರೆದಳು. ಆಗಲೇ ಸುಭಾಷ ಕಿವಿ ಹಿಡಿದದ್ದು. ಅವಳು ಸಿಟ್ಟಿಗೆ ಮಾತು ಮರೆತು ಕೂತಳು. ಅವನು ಡೀನ್ ಕಡೆ ತಿರುಗಿ, ಲೋಕಲ್ ಟ್ರೇನಿನಲ್ಲಿ ಮೂವರು ಕೂತ ಸೀಟಿನಲ್ಲಿ ನಾಲ್ಕನೆಯವರು ಜಾಗ ಕೇಳುವುದು ಹೇಗೆ ಸರ್ ಎಂದ. ಡೀನ್ ಸಾಹೇಬರ ಕೈ ತಾನಾಗಿಯೇ 'ಸರಿದುಕೋ' ಎಂದು ಗಾಳಿಯಲ್ಲಿ ಆಡಿತು. ತಮ್ಮ ಕೈಯನ್ನು ತಾವೇ ನೋಡಿಕೊಂಡು ನಕ್ಕುಬಿಟ್ಟರು. ವಿಭಾಗಕ್ಕೆ ಅಲ್ಲಿಗೆ ಅರ್ಧ ಒಪ್ಪಿಗೆ ಸಿಕ್ಕಂತಾಯಿತು.

ಆದರೂ ಯಕ್ಷಿತಾ ಕ್ಯಾಂಟೀನಿನಲ್ಲಿ ಅವನನ್ನು ಹಿಡಿದಳು.

"ನಾನೆಂಥ ಸ್ಕೂಲ್ ಹುಡುಗಿಯಾ ಸರ್? ಕಿವಿ ಹಿಡಿದು ಬಸ್ಕಿ ಹೊಡೀಬೇಕಿತ್ತಾ?"

"ಅಯ್ಯ, ಹಂಗಲ್ರೀ!" ಅವನ ಕೈಯ ಚಹಾ ತುಳುಕಿತು. "ನಮ್ಮ ಅವ್ವ ಹಂಗ ಮಾಡ್ತಿದ್ಲು. ಅಪ್ಪ ಸಿಟ್ಟಿನ್ಯಾಗ ಮನಿಗೆ ಬಂದ್ರ, ಬೆಂಡೋಲಿ ಮುಟ್ಕೊಂಡು ನಮ್ಮ ಕಡೆ ನೋಡಾಕಿ. 'ತಾಳು, ನಾ ನೋಡ್ಕೋತೀನಿ' ಅಂತ ಅದರ ಅರ್ಥ. ನಾವು ಮಕ್ಕಳು ಸುಮ್ನ ಮೂಲಿಗೆ ಕೂಡ್ತಿದ್ವಿ."

"ನಿಮ್ಮ ಅವ್ವನ ಸನ್ನೆ ನನಗೆ ಹೇಗೆ ಗೊತ್ತಾಗ್ಬೇಕು ಮಾರಾಯ್ರೆ?"

"ಈಗ ಗೊತ್ತಾತಲ್ಲ?" ಎಂದು ಅವನು ಒಂದೇ ಹುಬ್ಬು ಏರಿಸಿದ. ಆ ಹುಬ್ಬು ಇಳಿಯುವಷ್ಟರಲ್ಲಿ ಯಕ್ಷಿತಾಳ ಸಿಟ್ಟು ಇಳಿದಿತ್ತು.

ವಿಭಾಗಕ್ಕೆಂದು ಕೊಟ್ಟದ್ದು ಮೇಲಿನ ಮಹಡಿಯ ಉಗ್ರಾಣ. ಮುರಿದ ಬೆಂಚು ಹೊರಹಾಕಿಸಿ, ಗೋಡೆಗೆ ಬಣ್ಣ ಬಳಿಸಿ, ಕ್ಯಾಮೆರಾ ಎಲ್ಲಿ ಇಟ್ಟರೆ ಕೈ ಮುಖ ಎರಡೂ ಕಾಣುತ್ತವೆಂದು ಇಬ್ಬರೂ ಜಗಳವಾಡಿದರು. ಯಾವ ಯಾವ ಪಾಠ, ಎಂಥ ವಿದ್ಯಾರ್ಥಿಗಳು, ಮೊದಲ ಸಂಶೋಧನೆ ಯಾವುದು, ಎಲ್ಲವನ್ನೂ ಯೋಚಿಸಿದವಳು ಅವಳು. ಸಂಜೆ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಜನರ ಕೈಗಳನ್ನು ನೋಡುತ್ತಿದ್ದರು. "ಅವರಿಬ್ಬರಿಗೆ ಜಗಳ ಆಗಿದೆ," ಎಂದು ಅವಳು ತೋರಿಸಿದರೆ, "ಇಲ್ಲೇಳು, ಆಕಿ ಅವನ ಬ್ಯಾಗ್ ಹೊತ್ಕೊಂಡು ಹೊಂಟಾಳ. ಜಗಳ ಆಡಿದ್ರ ಹೊರ್ತಿದ್ಲೇನು?" ಎಂದು ಅವನು ಕೆಣಕುತ್ತಿದ್ದ. ಜನ ನೂಕಿದಾಗ ಅವಳ ಭುಜ ಅವನ ಭುಜಕ್ಕೆ ತಾಗುತ್ತಿತ್ತು. ಜನ ಮುಂದೆ ಹೋದ ಮೇಲೂ ತಾಗಿಯೇ ಇರುತ್ತಿತ್ತು.

ಸ್ಟೇಷನ್ನಿನ ಹೊರಗೆ ಅವಳ ಅಪ್ಪ ಕಾಂತಪ್ಪನದು ಶುದ್ಧ ಸಸ್ಯಾಹಾರಿ ಹೋಟೆಲು. ಮಗಳ ಹೊಸ ವಿಭಾಗ 'ನಾನ್ ವರ್ಬಲ್' ಎಂದು ಕೇಳಿ ಅವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ.

"ಎಂಥ? ಕಾಲೇಜಿನಲ್ಲಿ ನಾನ್‌ವೆಜ್ ಡಿಪಾರ್ಟ್‌ಮೆಂಟಾ? ಮನೆಯಲ್ಲಿ ತಿನ್ನುವ ಬಂಗುಡೆ ಮೀನು ಸಾಲದಾ ನಿಂಗೆ?"

"ನಾನ್‌ವೆಜ್ ಅಲ್ಲ ಅಪ್ಪ! ಮಾತಿಲ್ಲದೆ ಮಾತಾಡುವುದು."

"ಅದನ್ನು ನಿನ್ನ ಅಮ್ಮ ಮದುವೆಯಾದ ದಿನದಿಂದ ಮಾಡ್ತಾ ಇದ್ದಾಳೆ. ಅವಳಿಗೂ ಒಂದು ಕೆಲಸ ಕೊಡ್ಲಿಕ್ಕೆ ಹೇಳು."

ಗೋಡೆ ಬದಿಯ ಮೇಜಿನಲ್ಲಿ ಕುಳಿತಿದ್ದ ಸುಭಾಷನಿಗೆ ನಕ್ಕು ಕಾಫಿ ನೆತ್ತಿಗೇರಿತು.

ಹೀಗೆ ಅವರಿಬ್ಬರ ನಡುವೆ ಒಂದು ಭಾಷೆಯೇ ಬೆಳೆಯಿತು. ಹುಬ್ಬು ಏರಿಸಿದರೆ ಕಾಫಿಗೆ ಬಾ. ಪೆನ್ನಿನ ಮುಚ್ಚಳ ತಟ್ಟಿದರೆ ಟೆರೇಸಿಗೆ ಬಾ. ಕಿವಿ ಮುಟ್ಟಿದರೆ, ತಾಳು, ನಾನು ನೋಡಿಕೊಳ್ಳುತ್ತೇನೆ. ಒಂದು ಸಂಜೆ ಪವಾಯಿ ಕೆರೆಯ ದಂಡೆಯಲ್ಲಿ ಸುಭಾಷ ಎರಡು ಬೆರಳು ಜೋಡಿಸಿ, ಆಚೆ ದಡದ ಬಿಲ್ಡಿಂಗಿನಲ್ಲಿ ದೀಪ ಹತ್ತಿದ ಒಂದು ಕಿಟಕಿಯನ್ನು ತೋರಿಸಿದ. ನಾವಿಬ್ಬರು, ಒಂದು ಮನೆ ಎಂದು ಅವಳು ಓದಿಕೊಂಡಳು. ಆ ಎರಡೂ ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ಒಮ್ಮೆ ಬಾಯಿಬಿಟ್ಟು ಹೇಳು ಸುಭಾಷ."

"ಇದನ್ನ ಓದಿದಾಕಿ ನೀ. ನಿನಗೂ ಬಾಯಿಲೆ ಹೇಳಬೇಕೇನ, ಯಕ್ಷೀ?"

ಆ ಹೊತ್ತಿಗೆ ಅದು ಎಷ್ಟು ಚೆಂದ ಕೇಳಿಸಿತೆಂದರೆ, ನುಣುಚಿಕೊಳ್ಳುವವರೂ ಇದೇ ಮಾತು ಆಡುತ್ತಾರೆಂದು ಅವಳಿಗೆ ಹೊಳೆಯಲಿಲ್ಲ. ಪ್ರೀತಿಯಲ್ಲಿ ಬಿದ್ದವರು ಸಾಕ್ಷಿ ಕೂಡಿಡುವುದಿಲ್ಲ.

ವಿಶ್ವವಿದ್ಯಾಲಯದ ಟ್ರಸ್ಟಿನವರು ಒಪ್ಪಿಗೆ ಕೊಡಲು ಬಂದ ದಿನ ಯಕ್ಷಿತಾ ಅಮ್ಮನ ಮೈಸೂರು ರೇಷ್ಮೆ ಉಟ್ಟಿದ್ದಳು. ಹೊಸ ವಿಭಾಗಕ್ಕೆ ಒಬ್ಬ ಮುಖ್ಯಸ್ಥ, ಒಬ್ಬ ಪ್ರಾಧ್ಯಾಪಕ. ಅವಳ ಕಾಂಟ್ರ್ಯಾಕ್ಟ್ ಮುಗಿಯುತ್ತ ಬಂದಿತ್ತು. ಎರಡರಲ್ಲಿ ಯಾವುದು ಸಿಕ್ಕರೂ ಸಾಕು, ಆ ವಾರವೇ ಮನೆಯಲ್ಲಿ ಸುಭಾಷನ ವಿಷಯ ತೆಗೆಯುವುದೆಂದು ನಿರ್ಧರಿಸಿದ್ದಳು.

ಹಿರಿಯ ಟ್ರಸ್ಟಿ ಕನ್ನಡಕ ತೆಗೆದು, ಈ ಯೋಜನೆ ಮಾಡಿದ್ದು ಯಾರೆಂದು ಕೇಳಿದರು: "ಅಚ್ಛಾ ಪ್ಲಾನ್ ಹೈ. ಕಿಸ್‌ನೇ ಬನಾಯಾ?"

ಯಕ್ಷಿತಾ ಕುರ್ಚಿ ಹಿಂದಕ್ಕೆ ಸರಿಸಿದಳು. ಎದುರಿನಿಂದ ಸುಭಾಷ ಅವಳನ್ನೇ ನೋಡುತ್ತ ಎಡಗಿವಿಯ ತುದಿ ಮುಟ್ಟಿದ. ಅವಳು ಮುಗುಳ್ನಕ್ಕು ಕುಳಿತಳು. ನನ್ನ ಹೆಸರನ್ನು ನನ್ನ ಬಾಯಿಂದ ಹೇಳಿಸದೆ ತಾನೇ ಹೇಳುತ್ತಾನೆ, ಎಷ್ಟು ಒಳ್ಳೆಯವನು ಎಂದುಕೊಂಡಳು.

"ನಾನೇ ಸರ್," ಎಂದ ಸುಭಾಷ. "ಡಿಪಾರ್ಟ್‌ಮೆಂಟಿನ ಒಂದಿಬ್ಬರು ಹೆಲ್ಪ್ ಮಾಡಿದ್ದಾರೆ."

ಮುಖ್ಯಸ್ಥನ ಕುರ್ಚಿ ಅವನಿಗಾಯಿತು. ಇನ್ನೊಂದಕ್ಕೆ ಟ್ರಸ್ಟಿಯ ಸೊಸೆ ಸಪ್ನಾ ಎಂಬುವಳ ಹೆಸರು ಬಂತು, ಸುಭಾಷ ಒಪ್ಪಿ ತಲೆಯಾಡಿಸಿದ. ಡೀನ್ ಸಾಹೇಬರಿಗೆ ಏನೋ ಮುಜುಗರ. "ಯಕ್ಷಿತಾ, ನಿಮಗೇನಾದರೂ ಹೇಳುವುದಿದೆಯಾ?" ಎಂದರು.

ಅವಳು ಸುಭಾಷನನ್ನು ನೋಡಿದಳು. ಅವನ ಕೈ ಮತ್ತೆ ಕಿವಿಯ ಮೇಲಿತ್ತು. ಆಗಲೂ ಅವಳು ನಂಬಿದಳು. ಇಲ್ಲವೆಂದು ತಲೆಯಾಡಿಸಿದಳು.

ಆಮೇಲೆ ಹೊಸ ಬಣ್ಣದ ವಾಸನೆ ಹೋಗದ ಆ ಕೋಣೆಯಲ್ಲಿ ಇಬ್ಬರೇ ನಿಂತರು.

"ಕಿವಿ ಮುಟ್ಟಿದೆಯಲ್ಲ ನೀನು?"

"ಯಾವಾಗ?"

"ಮೀಟಿಂಗಿನಲ್ಲಿ. ತಾಳು ಅಂತ."

ಸುಭಾಷ ಕ್ಯಾಮೆರಾದ ಸ್ಟ್ಯಾಂಡ್ ಸರಿಮಾಡುತ್ತ ಹೇಳಿದ: "ಕಿವಿ ತುರಿಸ್ತು, ಯಕ್ಷಿತಾ."

ಯಕ್ಷಿ ಎನ್ನಲಿಲ್ಲ. ಯಕ್ಷಿತಾ ಎಂದ.

"ಕೆರೆ ದಂಡೆಯಲ್ಲಿ ಎರಡು ಬೆರಳು ತೋರಿಸಿದ್ದು?"

"ಟು ಬಿಎಚ್‌ಕೆ ಫ್ಲ್ಯಾಟ್ ಅಂದಿದ್ದೆ. ಆವಾಗ ಲೋನ್ ನೋಡಾಕ್ಹತ್ತಿದ್ದೆ."

ಅವಳಿಗೆ ನಗು ಬಂತು. ನಗು ಅರ್ಧಕ್ಕೆ ಬೇರೇನೋ ಆಯಿತು. "ನಿನ್ನ ಅವ್ವನ ಬೆಂಡೋಲೆ?"

"ಅವ್ವನ್ನ ನಡುವ ತರಬ್ಯಾಡ." ಅವನು ಈಗ ನೇರ ನೋಡಿದ. "ಏನಾರ ಮಾತು ಕೊಟ್ಟೇನೇನು ನಾ ನಿನಗ? ಒಂದ ಮಾತು? ಹೇಳು."

ಅವಳು ನೆನಪಿನ ಮೂಲೆ ಮೂಲೆ ಹುಡುಕಿದಳು. ಹುಬ್ಬು, ಬೆರಳು, ಭುಜ, ಕಿವಿ ಎಲ್ಲ ಸಿಕ್ಕವು. ಮಾತು ಒಂದೂ ಸಿಗಲಿಲ್ಲ.

ಕಾಂಟ್ರ್ಯಾಕ್ಟ್ ಮುಗಿಯಿತು. ಯಕ್ಷಿತಾ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕುಳಿತು ಅಲ್ಲಿ ಇಲ್ಲಿ ಅರ್ಜಿ ಹಾಕಿದಳು. ಮಳೆಗಾಲ ಕಳೆಯುವ ಹೊತ್ತಿಗೆ ಪುಣೆಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಗಲ್ಲಾದ ಕೆಳಗೆ ಬ್ಯಾಗ್ ಇಟ್ಟುಕೊಂಡು, ರೈಲಿಗೆ ಹೊತ್ತಾಗಲಿ ಎಂದು ಕಾಯುತ್ತಿದ್ದಾಗ ಸುಭಾಷ ಒಳಗೆ ಬಂದ. ಸೊರಗಿದ್ದ. ಶರ್ಟಿನ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು.

"ಸಪ್ನಾ ವಿಭಾಗದಾಗ ಕಾಲಿಡೂದಿಲ್ಲ. ರಿವ್ಯೂ ಕಮಿಟಿ ಬರಾಕ್ಹತ್ತೈತಿ. ನೀ ಇಲ್ದ ಆ ವಿಭಾಗ ನಡ್ಯಾಂಗಿಲ್ಲ, ಯಕ್ಷೀ," ಎಂದ. ಮತ್ತೆ ಸೇರಿಸಿದ, "ನಾನೂ ನಡ್ಯಾಂಗಿಲ್ಲ."

ದೋಸೆಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅವನು ಲೆಕ್ಕಿಸಲಿಲ್ಲ.

"ಈಗ ಬಾಯಿಬಿಟ್ಟ ಹೇಳಾಕ್ಹತ್ತೀನಿ. ನಿನ್ನ ಮ್ಯಾಲೆ ಜೀವ ಐತಿ ನಂದು. ಮದುವಿ ಆಗೋಣು."

ಎಷ್ಟು ದಿನ ಕಾದ ಮಾತು! ಮನಸ್ಸು ಏನಾದರೂ ಯೋಚಿಸುವ ಮೊದಲೇ ಯಕ್ಷಿತಾಳ ಕೈ ಮೇಲೆದ್ದು ಎಡಗಿವಿಯ ತುದಿ ಮುಟ್ಟಿತು. ಅವನ ಮುಖ ಅರಳಿತು.

"ಆತು. ತಾಳ್ತೀನಿ," ಎಂದು ಅದೇ ಗೋಡೆ ಬದಿಯ ಮೇಜಿಗೆ ಹೋಗಿ ಕುಳಿತ.

ಅವಳು ತನ್ನ ಕೈಯನ್ನು ನೋಡಿಕೊಂಡಳು. ಅದು ಸುಳ್ಳು ಹೇಳಿರಲಿಲ್ಲ. ಹಾಗಿದ್ದರೆ ಅಂದು ಅವನ ಕೈಯೂ ಮೊದಲ ಕ್ಷಣ ಸತ್ಯವನ್ನೇ ಹೇಳಿತ್ತೇ, ಬಾಯಿ ಆಮೇಲೆ ಕೆಟ್ಟಿತೇ? ಬ್ಯಾಗ್ ಬಿಚ್ಚಿಬಿಡಲೇ ಎನಿಸಿತು. ಕಾಲಿನಿಂದ ಅದನ್ನು ಗಲ್ಲಾದ ಅಡಿಗೆ ಇನ್ನಷ್ಟು ತಳ್ಳಿಯೂಬಿಟ್ಟಳು.

ಅಷ್ಟರಲ್ಲಿ ಸುಭಾಷ ಫೋನ್ ತೆಗೆದ. ಕಾಫಿ ಗುಟುಕರಿಸುತ್ತ, ಅವಳಿಗೆ ಒಂದೇ ಹುಬ್ಬು ಏರಿಸುತ್ತ ಮಾತಾಡಿದ. "ಹಾಂ ಡೀನ್ ಸರ್, ಮಾನ್ ಗಯೀ. ಪೋಸ್ಟ್ ವೋಸ್ಟ್ ಬಾದ್ ಮೇ. ಆಪ್ ಟೆನ್ಷನ್ ಮತ್ ಲೀಜಿಯೇ, ಮೈ ದೇಖ್ ಲೇತಾ ಹೂಂ."

ಒಪ್ಪಿದಳು. ಹುದ್ದೆ ಗಿದ್ದೆ ಆಮೇಲೆ. ನಾ ನೋಡ್ಕೋತೀನಿ.

ಯಕ್ಷಿತಾ ಬಗ್ಗಿ ಬ್ಯಾಗ್ ಎಳೆದುಕೊಂಡಳು.

"ಆ ಜನ ನಿನಗೆ ಕಾಯ್ತಾ ಇರೋದಲ್ವಾ ಮಗಾ?" ಎಂದ ಕಾಂತಪ್ಪ, ಸುಭಾಷನನ್ನು ತೋರಿಸಿ.

"ಅವರ ಕಾಫಿಗೆ ದುಡ್ಡು ತಗೊಳ್ಳಿ ಅಪ್ಪ."

ಅವಳು ಬಾಗಿಲು ದಾಟುವಾಗ ಸುಭಾಷ ಕುರ್ಚಿ ಬೀಳುವಂತೆ ಎದ್ದು ಓಡಿಬಂದ. "ಯಕ್ಷೀ, ಎಲ್ಲಿಗಿ? ನೀ ಕಿವಿ ಮುಟ್ಟಿದೆಲ್ಲ? ನಾ ನೋಡೀನಿ, ಮುಟ್ಟಿದಿ ನೀ!"

ಅವಳು ನಿಂತು ಅವನ ಮಡಚಿದ ಕಾಲರ್ ಸರಿಮಾಡಿದಳು. ತುಂಬ ಮೃದುವಾಗಿಯೇ ಹೇಳಿದಳು.

"ಕಿವಿ ತುರಿಸಿತು, ಸುಭಾಷ."

ಗಂಟೆಗಟ್ಟಲೆ ನಿಂತು ಜನರ ಕೈ ನೋಡಿದ್ದ ಆ ಸೇತುವೆಯನ್ನು ಯಾರ ಕೈಯನ್ನೂ ನೋಡದೆ ದಾಟಿದಳು. ಹಿಂದೆ ಮೆಟ್ಟಿಲ ಬುಡದಲ್ಲಿ ಅವನು ಇನ್ನೂ ನಿಂತಿದ್ದಾನೆಂದು, ತನ್ನ ಒಂದೊಂದು ಚಲನೆಯನ್ನೂ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಬೆವರು ಇಳಿದು ಎಡಗಿವಿ ಈಗ ನಿಜವಾಗಿಯೂ ತುರಿಸತೊಡಗಿತು.

ಅವಳು ಮುಟ್ಟಲಿಲ್ಲ.