ಒಂದೇ ಆಂಟೆನಾ

"ನಿಮ್ಮ ರಿಪೀಟರ್ ಕಿವುಡು ಕಣ್ರೀ!"

ಕುವೆಂಪುನಗರದ ಮನೆಯ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಆತ ಹಾಗೆಂದಾಗ ಧರಣಿಗೆ ಮೈಯೆಲ್ಲ ಉರಿಯಿತು.

'ಯಾರಿವನು... ನನ್ನ ತಾರಸಿಯ ಕೂಸಿಗೆ ಹೀಗನ್ನೋಕೆ!'

ಬನ್ನಿಮಂಟಪದ ಗೌತಮ್. ಅವಳಂತೆಯೇ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದ ಹುಚ್ಚಿನವನು. ಅವನು ಹೇಳಿದ್ದು ನಿಜವೇ. ರಿಪೀಟರ್ ಎಂದರೆ ಸಣ್ಣ ಕೈರೇಡಿಯೋಗಳ ಕ್ಷೀಣ ದನಿಯನ್ನು ಕೇಳಿಸಿಕೊಂಡು, ಅದೇ ಗಳಿಗೆಯಲ್ಲಿ ಊರಿಗೆಲ್ಲ ಜೋರಾಗಿ ಹೇಳಬೇಕಾದ ಯಂತ್ರ. ಆದರೆ ತನ್ನದೇ ಅಬ್ಬರದಲ್ಲಿ ಧರಣಿಯ ರಿಪೀಟರಿಗೆ ಬೇರೆಯವರ ದನಿ ಕೇಳುತ್ತಿರಲಿಲ್ಲ.

ಸರಿಪಡಿಸಲೆಂದು ಅವನು ದಿನಾ ಸಂಜೆ ಬರತೊಡಗಿದ. ಧರಣಿ ಕಾಯತೊಡಗಿದಳು... ಅದು ಅವಳಿಗೇ ತಡವಾಗಿ ತಿಳಿಯಿತು.

ಒಂದು ಸಂಜೆ ಅವನು ತಲೆ ತಗ್ಗಿಸಿಕೊಂಡು ಹೇಳಿದ, "ಕೇಳೋ ಆಂಟೆನಾನ ನಮ್ಮನೆ ಮೇಲೆ ಹಾಕ್ಬುಡೋಣ. ಹೇಳೋದು ಇಲ್ಲೇ ಇರಲಿ. ಎರಡೂ ದೂರ ಇದ್ರೆ ತೊಂದ್ರೆನೇ ಇರಲ್ಲ. ನಾನು ದಿನಾ ಬರೋದೂ ತಪ್ಪುತ್ತೆ."

ಬರೋದು ತಪ್ಪುತ್ತೆ! ಕಾಫಿ ಲೋಟ ನೀಡಿದ್ದ ಅವಳ ಕೈ ಅಲ್ಲೇ ನಿಂತಿತು.

"ಬೇಡ. ಒಂದೇ ಆಂಟೆನಾ ಇಟ್ಟು ಡ್ಯುಪ್ಲೆಕ್ಸರ್ ಹಾಕ್ತೀನಿ. ನೀವು ಬರಬೇಡಿ."

"ಟ್ಯೂನ್ ಮಾಡೋದು ಸುಲಭ ಅಲ್ಲ ಕಣ್ರೀ..."

"ಗೊತ್ತು!"

ಡ್ಯುಪ್ಲೆಕ್ಸರ್ ಎಂದರೆ ಉದ್ದನೆಯ ತಾಮ್ರದ ಡಬ್ಬಿಗಳು. ಹೋಗುವ ದನಿ, ಬರುವ ದನಿ ಒಂದೇ ಆಂಟೆನಾದಲ್ಲಿದ್ದರೂ ಒಂದನ್ನೊಂದು ಮುಳುಗಿಸದಂತೆ ಕಾಯುವ ಡಬ್ಬಿಗಳು. ನಂದಾದೀಪದ ಬತ್ತಿ ತಿದ್ದುವವರ ಹಾಗೆ ಧರಣಿ ಒಂದೊಂದರ ಕಡ್ಡಿಯನ್ನೂ ಕೂದಲೆಳೆಯಷ್ಟೇ ತಿರುಗಿಸುತ್ತ, ಮೀಟರ್ ನೋಡುತ್ತ ಕೂತಳು. ಚಾಮುಂಡಿತಾಯಿ ಕೊಟ್ಟ ತಾಳ್ಮೆ ಅದು. ನೋಡಿದವರು ಕೈಮುಗಿಯಬೇಕು!

ತಿಂಗಳಾದ ಮೇಲೆ ಪರೀಕ್ಷೆ. ಮನಸ್ಸು ತಡೆಯದೆ ಅವನಿಗೇ ಮೆಸೇಜ್ ಮಾಡಿದಳು: 'ನಿಮ್ಮ ಮನೆಯಿಂದ ಕಡಿಮೆ ಪವರಿನಲ್ಲಿ ಮಾತಾಡಿ. ಕೇಳಿಸಿದರೆ ಉತ್ತರ ಕೊಡುತ್ತೇನೆ.'

ದೀಪ ಹಚ್ಚುವ ಹೊತ್ತು. ತಾರಸಿಯಲ್ಲಿ ಕೈರೇಡಿಯೋ ಹಿಡಿದ ಧರಣಿ, ಪಕ್ಕದಲ್ಲಿ ಅವಳ ತಾಯಿ ಸೋಮಮ್ಮ.

"ಒಂದು... ಎರಡು... ಮೂರು..."

ಎದುರಿಗೇ ಕೂತು ಹೇಳಿದ ಹಾಗಿತ್ತು! ಧರಣಿಗೆ ಕಣ್ಣು ತುಂಬಿತು. ಉತ್ತರಿಸೋಣವೆಂದರೆ ಅವನು ತನ್ನ ರೇಡಿಯೋದ ಬಟನ್ ಬಿಡಲೊಲ್ಲ. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಅವನಿಗೆ ಯಾರ ದನಿಯೂ ಕೇಳದು.

"ಇಷ್ಟು ಕಡಿಮೆ ಪವರು ಎಲ್ಲಿ ಕೇಳುತ್ತೆ ಬುಡು..." ಅವನು ತನ್ನಷ್ಟಕ್ಕೆ ಗೊಣಗಿದ. "ಕೇಳಲ್ಲ ಅನ್ನೋ ಧೈರ್ಯದ ಮೇಲೆ ಹೇಳ್ತೀನಿ ಧರಣಿ... ದಿನಾ ಬರ್ತಾನಲ್ಲ, ಯಾರವನು ಅಂತ ಬೀದಿಯೋರು ನಿಮ್ಮಮ್ಮನ್ನ ಕೇಳ್ತಿದ್ರು. ಅದಕ್ಕೇ ದೂರ ಇಡೋಣ ಅಂದಿದ್ದು. ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗ್ತಿಲ್ಲ ಕಣ್ರೀ..."

ಬಟನ್ ಬಿಟ್ಟ.

ಮೊದಲು ಬಂದದ್ದು ಊರಾಚೆಯ ಹಳೇ ಹ್ಯಾಮ್ ಬೀರಯ್ಯ ತಾತನ ದನಿ. "ಮೈಸೂರಿಗೆಲ್ಲ ಕೇಳ್ತು ಕಣಪ್ಪೋ! ಏನ್ ಕೆಲ್ಸ ಮಾಡವ್ಳೆ ನಮ್ಮುಡುಗಿ!"

ಸೋಮಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. "ಬೀದಿಯೋರಿಗೆ ನಾನು ಉತ್ತರ ಕೊಡ್ತೀನಿ. ಅವನಿಗೆ ನೀನು ಕೊಡು."

ಧರಣಿ ಬಟನ್ ಒತ್ತಿದಳು.

"ಗೌತಮ್... ಪೂರ್ತಿ ಕೇಳಿಸ್ತು. ಕಾಫಿಗೆ ಇಡ್ತಿದೀನಿ, ಬನ್ನಿ."

ರೇಡಿಯೋದಲ್ಲಿ ನಾಚಿದ ದನಿ.

"ಈ ಸಲ ಹೆಲ್ಮೆಟ್ ತೆಗೀಬೇಕಾ?"

"ತೆಗೀರಿ... ಮುಖ ನೋಡಿ ತಿಂಗಳಾಯ್ತು."